ಎಲ್ಲ ಕೆಲಸ ಕಲಿತರು, ದಿಮ್ಮಿಯೇ ಬರಲಿಲ್ಲ

ಕೆನಡಾದ ಪಶ್ಚಿಮ ತುದಿಯ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ. ಅದರ ಕರಾವಳಿಗೆ ಅಂಟಿಕೊಂಡಂತೆ ವ್ಯಾಂಕೂವರ್ ದ್ವೀಪ ಇದೆ. ಆ ದ್ವೀಪದಲ್ಲಿ ಶೆಮೇನಸ್ ಅನ್ನುವ ಪುಟ್ಟ ಊರು. ಅಲ್ಲಿ ಮೊದಲ ಸಾಮಿಲ್ಲು ಶುರುವಾದದ್ದು 1862ರಲ್ಲಿ. 2025ರ ಬೇಸಿಗೆಯಲ್ಲಿ ಆ ಊರಿನ ಈಗಿನ ಸಾಮಿಲ್ಲು ನಿಂತಿತು. ಯಂತ್ರ ಕೆಟ್ಟಿರಲಿಲ್ಲ. ಮುಷ್ಕರವೂ ಇರಲಿಲ್ಲ. ಕೊಯ್ಯಲು ದಿಮ್ಮಿ ಸಾಲುತ್ತಿಲ್ಲ ಎಂದು ಕಂಪನಿ ಹೇಳಿತು. ತಾತ್ಕಾಲಿಕ ಎಂದು ಶುರುವಾದ ಆ ನಿಲುಗಡೆ ಮತ್ತೆ ಮುಂದಕ್ಕೆ ಹೋಯಿತು.

ಇದು ಬದಲಾಗಲು ಒಪ್ಪದ ಹಳೇ ಮಿಲ್ಲಾಗಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಆದರೆ ಶೆಮೇನಸ್ ಮಿಲ್ಲು ಹಾಗಲ್ಲ. ಬದಲಾವಣೆ ಅಂದರೆ ಹೀಗಿರಬೇಕು ಎಂದು ಎಷ್ಟೋ ಜನ ಬೆರಳು ತೋರಿಸಿದ ಮಿಲ್ಲು ಅದು. ವಿಶ್ವವಿದ್ಯಾಲಯದವರು ಅದರ ಮೇಲೆ ಪ್ರಬಂಧ ಬರೆದಿದ್ದಾರೆ. ಕೆಲಸಗಾರ ಒಂದೇ ಕೆಲಸಕ್ಕೆ ಜೋತುಬೀಳಬಾರದು, ನಾಲ್ಕು ಕೆಲಸ ಕಲಿಯಬೇಕು, ಮಾರುಕಟ್ಟೆ ಕೇಳಿದ್ದನ್ನು ಕೊಯ್ಯಬೇಕು ಎಂದು ಮರದ ಉದ್ಯಮಕ್ಕೆ 40 ವರ್ಷದಿಂದ ಹೇಳುತ್ತಾ ಬಂದಿದ್ದಾರಲ್ಲ, ಅದೆಲ್ಲವನ್ನೂ ಇಲ್ಲಿನವರು ಮಾಡಿದ್ದರು. ಆದರೂ ಹೀಗಾಯಿತು. ಯಾಕೆ ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೇ ಮಿಲ್ಲು, ಹಳೇ ಒಪ್ಪಂದ

ಎರಡನೇ ಮಹಾಯುದ್ಧದ ನಂತರದ ಸಾಮಿಲ್ಲನ್ನು ಕಲ್ಪಿಸಿಕೊಳ್ಳಿ. ಸಮುದ್ರದಲ್ಲಿ ತೇಲುವ ದಿಮ್ಮಿಗಳನ್ನು ಒಬ್ಬ ಸಾಲಾಗಿ ಎಳೆದು ತರುತ್ತಾನೆ. ಮುಖ್ಯ ಗರಗಸದ ಹತ್ತಿರ ಕೂತ ಸಾಯರ್ ಒಂದೊಂದು ದಿಮ್ಮಿಯನ್ನೂ ಕಣ್ಣಲ್ಲೇ ಅಳೆದು, ಎಲ್ಲಿ ಕೊಯ್ಯಬೇಕು ಎಂದು ಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಮುಂದೆ ಅಂಚು ಕತ್ತರಿಸುವವನು, ತುದಿ ಕತ್ತರಿಸುವವನು, ದರ್ಜೆ ಹಾಕುವವನು. ಕೊನೆಯಲ್ಲಿ ಗ್ರೀನ್ ಚೈನ್. ಅಂದರೆ ಚಲಿಸುವ ಸರಪಳಿಯ ಮೇಲೆ ಬರುವ ಹಸಿ ಹಲಗೆಗಳನ್ನು ಕೈಯಲ್ಲಿ ಎಳೆದು ಅಳತೆವಾರು ಪೇರಿಸುವ ಜಾಗ. ಬೆನ್ನು ಮುರಿಯುವ ಕೆಲಸ. ಹೈಸ್ಕೂಲು ಬಿಟ್ಟು ಬಂದ ಹುಡುಗ ಅಲ್ಲಿ ಶುರು ಮಾಡುತ್ತಿದ್ದ.

ಪ್ರತಿ ಕೆಲಸಕ್ಕೂ ಒಂದು ಹೆಸರು, ಒಂದು ಸಂಬಳದ ದರ. ಮೇಲಿನ ಜಾಗ ಖಾಲಿಯಾದರೆ ಅನುಭವದಲ್ಲಿ ಹಿರಿಯನಿಗೆ ಮೊದಲ ಹಕ್ಕು. ಕೆಲಸ ಕಡಿಮೆಯಾದರೆ ಕೊನೆಗೆ ಸೇರಿದವನು ಮೊದಲು ಮನೆಗೆ. ಇದನ್ನೆಲ್ಲ ಕಾಗದದ ಮೇಲೆ ತಂದದ್ದು 1937ರಲ್ಲಿ ಹುಟ್ಟಿದ ಐಡಬ್ಲ್ಯೂಎ, ಅಂದರೆ ಮರಗೆಲಸಗಾರರ ಅಂತಾರಾಷ್ಟ್ರೀಯ ಯೂನಿಯನ್. ನನ್ನ ಕೆಲಸ ಇದು, ನಿನ್ನದು ಅದು ಅನ್ನುವ ಈ ಗೆರೆಗಳು ಈಗ ನಮಗೆ ಜಡವಾಗಿ ಕಾಣಬಹುದು. ಆದರೆ ಗೆರೆ ಇಲ್ಲದ ಕಾಲದಲ್ಲಿ ಮೇಸ್ತ್ರಿಗೆ ಬೇಕಾದವನಿಗೆ ಒಳ್ಳೇ ಕೆಲಸ, ಬೇಡದವನಿಗೆ ಗ್ರೀನ್ ಚೈನ್. ಅದನ್ನು ತಡೆಯಲೆಂದೇ ಹಾಕಿದ ಗೆರೆಗಳು ಅವು.

ಈ ಒಪ್ಪಂದಕ್ಕೆ ಇನ್ನೊಂದು ಕಾಲು ಇತ್ತು. ಅದನ್ನು ಜನ ಮರೆಯುವುದೇ ಜಾಸ್ತಿ. ಬ್ರಿಟಿಷ್ ಕೊಲಂಬಿಯಾದ ಶೇಕಡ 94ರಷ್ಟು ನೆಲ ಸರ್ಕಾರದ್ದು. ಕಂಪನಿಗೆ ಕಾಡು ಸ್ವಂತ ಅಲ್ಲ. ಕಡಿಯುವ ಪರವಾನಗಿ ಮಾತ್ರ ಸಿಗುತ್ತದೆ, ಕಡಿದ ಮರಕ್ಕೆ ಶುಲ್ಕ ಕಟ್ಟಬೇಕು. 1945ರ ಸ್ಲೋನ್ ಆಯೋಗದ ಶಿಫಾರಸಿನ ಮೇಲೆ 1947ರಿಂದ ದೀರ್ಘಕಾಲದ ಪರವಾನಗಿ ಕೊಡುವುದು ಶುರುವಾಯಿತು. ಅನೇಕ ಪರವಾನಗಿಗಳಲ್ಲಿ ಒಂದು ಷರತ್ತು ಸೇರಿತ್ತು: ಈ ಕಾಡಿನ ಮರ ಈ ಮಿಲ್ಲಿಗೇ ಹೋಗಬೇಕು. ಮಿಲ್ಲು ಮುಚ್ಚಿದರೆ ಪರವಾನಗಿಗೂ ಕುತ್ತು ಬರಬಹುದು. ಹೀಗೆ ಕಾಡು, ಮಿಲ್ಲು, ಊರು ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರು.

ಆ ಹಗ್ಗ ಎಳೆತಕ್ಕೆ ಸಿಕ್ಕಿದ್ದು 1980ರ ಸುಮಾರಿಗೆ. ಹಣದುಬ್ಬರ ಇಳಿಸಲು ಅಮೆರಿಕ ಬಡ್ಡಿ ಏರಿಸಿತು. 1980ರ ಡಿಸೆಂಬರಿನಲ್ಲಿ ಅಲ್ಲಿನ ಬ್ಯಾಂಕುಗಳ ಮೂಲ ಬಡ್ಡಿ ದರ ಶೇಕಡ 21.5 ಮುಟ್ಟಿತು. ಅಷ್ಟು ಬಡ್ಡಿಗೆ ಯಾರು ಮನೆ ಕಟ್ಟುತ್ತಾರೆ? 1978ರಲ್ಲಿ 20 ಲಕ್ಷ ಇದ್ದ ಹೊಸ ಮನೆಗಳ ಸಂಖ್ಯೆ 1982ಕ್ಕೆ ಸುಮಾರು 10 ಲಕ್ಷಕ್ಕೆ ಇಳಿಯಿತು. ಅಮೆರಿಕದ ಮನೆಯ ಚೌಕಟ್ಟಿಗೆ ಬೇಕಾದ ಎರಡು ಬೈ ನಾಲ್ಕು ಇಂಚಿನ ಹಲಗೆಯನ್ನು ರಾಶಿ ರಾಶಿ ಕೊಯ್ಯುತ್ತಿದ್ದ ಮಿಲ್ಲುಗಳ ಅಂಗಳದಲ್ಲಿ ಮಾಲು ಉಳಿಯಿತು. ಶೆಮೇನಸ್ ಮಿಲ್ಲು ಆಗ ಮ್ಯಾಕ್‌ಮಿಲನ್ ಬ್ಲೋಡೆಲ್ ಕಂಪನಿಯ ಕೈಯಲ್ಲಿತ್ತು. 1983ರಲ್ಲಿ ಕಂಪನಿ ಅದನ್ನು ಮುಚ್ಚಿತು. 600ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು.

ಹೊಸ ಮಿಲ್ಲು

1985ರಲ್ಲಿ ಅದೇ ಜಾಗದಲ್ಲಿ ಹೊಸ ಮಿಲ್ಲು ಎದ್ದಿತು. ಈ ಸಲ ಕೆಲಸಗಾರರು 150ಕ್ಕಿಂತ ಕಡಿಮೆ. ಹಳೆಯದರ ಸುಮಾರು ಕಾಲು ಭಾಗ.

ಒಳಗೆ ಎಲ್ಲವೂ ಬೇರೆ. ದಿಮ್ಮಿಯನ್ನು ಈಗ ಸ್ಕ್ಯಾನರ್ ಅಳೆಯುತ್ತದೆ. ಯಾವ ಕಡೆಯಿಂದ ಕೊಯ್ದರೆ ಹೆಚ್ಚು ಬೆಲೆಯ ಹಲಗೆ ಸಿಗುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕೆಲಸದ ಹೆಸರುಗಳು ಕಡಿಮೆಯಾದವು. ಜನ ಗುಂಪುಗಳಲ್ಲಿ ಕೆಲಸ ಮಾಡತೊಡಗಿದರು, ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಬಲ್ಲವರಾದರು. ಮಾಲೂ ಬದಲಾಯಿತು. ಜಪಾನಿನ ಮನೆಗಳು ಕಂಬ, ತೊಲೆಯ ಮೇಲೆ ನಿಲ್ಲುವಂಥವು. ಅಲ್ಲಿಗೆ ಮಿಲಿಮೀಟರ್ ಲೆಕ್ಕದಲ್ಲಿ ಕೊಯ್ದ ಚೌಕ ಕಂಬಗಳು ಬೇಕು. ಗಂಟು ಎಲ್ಲಿದೆ, ಎಳೆ ಹೇಗಿದೆ ಅನ್ನುವುದೂ ಅವರಿಗೆ ಮುಖ್ಯ. ಇವತ್ತು ಜಪಾನಿಗೆ ಒಂದು ಅಳತೆ, ನಾಳೆ ಅಮೆರಿಕಕ್ಕೆ ಇನ್ನೊಂದು ಅಳತೆ. ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಬಲ್ಲ ಜನ ಬೇಕಿತ್ತು, ಅಂಥವರು ತಯಾರಾದರು.

ಇದನ್ನು ಮೆಚ್ಚದೆ ಇರಲಾಗದು. ಗ್ರೀನ್ ಚೈನ್ ಮೇಲೆ ದಿನವಿಡೀ ಹಲಗೆ ಎಳೆಯುವುದಕ್ಕಿಂತ, ಒಂದು ದಿಮ್ಮಿಯ ಪೂರ್ತಿ ದಾರಿಯನ್ನು ತಿಳಿದು ಕೆಲಸ ಮಾಡುವುದು ಮನುಷ್ಯನಿಗೆ ಹೆಚ್ಚು ಗೌರವದ ಕೆಲಸ. ಬೆನ್ನೂ ಉಳಿಯುತ್ತದೆ, ತಲೆಗೂ ಕೆಲಸ ಸಿಗುತ್ತದೆ. ಊರಿನವರೂ ಸುಮ್ನೆ ಕೂರಲಿಲ್ಲ. 1982ರಿಂದಲೇ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಸತೊಡಗಿದ್ದರು. ಮರ ಕಡಿಯುವವರು, ಹಳೇ ಮಿಲ್ಲು, ಊರಿನ ಹಿಂದಿನ ಬದುಕು ಗೋಡೆಗೆ ಬಂತು. ಅದನ್ನು ನೋಡಲು ಪ್ರವಾಸಿಗರು ಬಂದರು. ಆದರೆ ಹಳೇ ಮಿಲ್ಲಿನ ನಾಲ್ವರಲ್ಲಿ ಮೂವರಿಗೆ ಹೊಸ ಮಿಲ್ಲಿನಲ್ಲಿ ಜಾಗ ಇರಲಿಲ್ಲ. ಚಿತ್ರ ನೋಡಲು ಬಂದವರಿಗೆ ತಿಂಡಿ, ಉಡುಗೊರೆ ಮಾರುವ ಕೆಲಸಕ್ಕೆ ಯೂನಿಯನ್ ಮಿಲ್ಲಿನ ಸಂಬಳ ಬರುವುದಿಲ್ಲ, ಅಲ್ವಾ?

ಒಂದೇ ಪದ, ಬೇರೆ ಬೇರೆ ಅರ್ಥ

ಇಲ್ಲಿ ಸ್ವಲ್ಪ ನಿಲ್ಲೋಣ. ಫ್ಲೆಕ್ಸಿಬಿಲಿಟಿ, ಅಂದರೆ ಹೊಂದಾಣಿಕೆ, ಅನ್ನುವ ಪದವನ್ನು ಎಲ್ಲರೂ ಬಳಸುತ್ತಾರೆ. ಎಲ್ಲರೂ ಹೇಳುವುದು ಒಂದೇ ವಿಷಯವನ್ನಲ್ಲ. 1984ರಲ್ಲಿ ಬ್ರಿಟನ್ನಿನ ಸಂಶೋಧಕ ಜಾನ್ ಅಟ್ಕಿನ್ಸನ್ ಇದನ್ನು ಬಿಡಿಸಿ ಹೇಳಿದರು. ಒಂದು, ಕೆಲಸಗಾರ ಹಲವು ಕೆಲಸ ಬಲ್ಲವನಾಗುವುದು. ಇನ್ನೊಂದು, ಬೇಕಾದಾಗ ಜನರನ್ನು ಸೇರಿಸಿ ಬೇಡವಾದಾಗ ಕಳಿಸುವುದು, ಗಂಟೆಗಳನ್ನು ಹಿಗ್ಗಿಸಿ ಕುಗ್ಗಿಸುವುದು, ಕೆಲಸವನ್ನು ಗುತ್ತಿಗೆಗೆ ಕೊಡುವುದು. ಮೂರನೆಯದು ಸಂಬಳವನ್ನೇ ಏರಿಳಿಸುವುದು. ಕಂಪನಿಯ ನಡುವೆ ಪಳಗಿದ ಒಂದು ಸಣ್ಣ ಗುಂಪು, ಅದರ ಸುತ್ತ ಬಂದು ಹೋಗುವ ದೊಡ್ಡ ಗುಂಪು. ಅಟ್ಕಿನ್ಸನ್ ಕೊಟ್ಟ ಚಿತ್ರ ಇದು.

ಮೊದಲನೆಯದನ್ನು ನಾನು ಕೌಶಲದ ಹೊಂದಾಣಿಕೆ ಅಂತ ಕರೆಯುತ್ತೇನೆ. ಎರಡನೆಯದು ತಲೆ ಎಣಿಕೆಯ ಹೊಂದಾಣಿಕೆ. ಇವೆರಡೂ ಅಣ್ಣ ತಮ್ಮ ಅಂತ ಜನ ತಿಳಿಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಮಿಲ್ಲಿನಲ್ಲಿ ಐದು ಕೆಲಸ ಕಲಿಯಲು ವರ್ಷಗಳು ಬೇಕು. ಗರಗಸದ ಹಲ್ಲು ಸರಿಪಡಿಸುವವರ, ಯಂತ್ರ ರಿಪೇರಿ ಮಾಡುವವರ ಕೈಗೆ ಪಳಗುವುದಕ್ಕೇ ಎಷ್ಟೋ ಕಾಲ ಹಿಡಿಯುತ್ತದೆ. ಮುಂದಿನ ವರ್ಷವೂ ಇಲ್ಲೇ ಇರುತ್ತೇನೆ ಅನ್ನುವ ನಂಬಿಕೆ ಇದ್ದವನು ಮಾತ್ರ ಅಷ್ಟು ಕಲಿಯುತ್ತಾನೆ. ಮೂರು ತಿಂಗಳು ಕೆಲಸ, ಎರಡು ತಿಂಗಳು ಮನೆ ಅನ್ನುವವನು ಯಾಕೆ ಕಲಿಯಬೇಕು? ಕಲಿತವನೂ ಆಲ್ಬರ್ಟಾದ ತೈಲ ಕೆಲಸಕ್ಕೋ ಗಣಿಗೋ ಹೊರಟುಹೋಗುತ್ತಾನೆ. ತಲೆ ಎಣಿಕೆ ಜಾಸ್ತಿಯಾದಷ್ಟೂ ಕೌಶಲ ಸೋರಿಹೋಗುತ್ತದೆ.

ಕಳೆದ 40 ವರ್ಷಗಳ ಜಗಳಗಳನ್ನು ಈ ಕಣ್ಣಿಂದ ನೋಡಿದರೆ ಎಲ್ಲ ಒಂದು ಸಾಲಿಗೆ ಬರುತ್ತದೆ. 1986ರಲ್ಲಿ ಐಡಬ್ಲ್ಯೂಎ ನಾಲ್ಕೂವರೆ ತಿಂಗಳು ಮುಷ್ಕರ ಹೂಡಿತು. ಜಗಳ ಸಂಬಳಕ್ಕಿಂತ ಹೆಚ್ಚಾಗಿ ಹೊರಗುತ್ತಿಗೆಯ ಮೇಲೆ. 2003ರಲ್ಲಿ ಕರಾವಳಿಯ ಮಿಲ್ಲುಗಳಲ್ಲಿ ಮತ್ತೆ ಮುಷ್ಕರ. ಸರ್ಕಾರ ಕಾನೂನು ತಂದು ಅದನ್ನು ನಿಲ್ಲಿಸಿತು. 2004ರಲ್ಲಿ ಮಧ್ಯಸ್ಥ ಡಾನ್ ಮನ್ರೋ ಕೊಟ್ಟ ತೀರ್ಪಿನಿಂದ ಕಂಪನಿಗಳಿಗೆ ಶಿಫ್ಟ್ ಬದಲಿಸುವ, ಕೆಲಸವನ್ನು ಗುತ್ತಿಗೆಗೆ ಕೊಡುವ ಸ್ವಾತಂತ್ರ್ಯ ಹೆಚ್ಚಾಯಿತು. ದಿನಕ್ಕೆ 10 ಗಂಟೆಯ ಪಾಳಿ, ವಾರದ ಕೊನೆಯ ಪಾಳಿ ಎಲ್ಲ ಬಂದವು.

2005ರಲ್ಲಿ ಆ ಪ್ರಾಂತ್ಯದ ಅರಣ್ಯ ಕೆಲಸದಲ್ಲಿ 43 ಜನ ಸತ್ತರು. ಒಂದೇ ವರ್ಷದಲ್ಲಿ. ಈ ಅಂಕಿಯನ್ನು ನಾನು ಎಷ್ಟು ಸಲ ಓದಿದರೂ ಮುಂದಿನ ಸಾಲಿಗೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಎಲ್ಲ ಸಾವಿಗೂ ಆ ತೀರ್ಪೇ ಕಾರಣ ಅನ್ನುವುದು ಸರಿಯಲ್ಲ. ಮರ ಕಡಿಯುವುದು ಯಾವಾಗಲೂ ಅಪಾಯದ ಕೆಲಸ. ಆದರೆ ಅಷ್ಟು ಹೊತ್ತಿಗೆ ಕಾಡಿನ ಕೆಲಸ ಹೆಚ್ಚಾಗಿ ಸಣ್ಣ ಸಣ್ಣ ಗುತ್ತಿಗೆದಾರರ ಕೈಗೆ ಹೋಗಿತ್ತು. ಪರವಾನಗಿ ದೊಡ್ಡ ಕಂಪನಿಯದ್ದು, ಕಡಿಯುವವನು ಗುತ್ತಿಗೆದಾರ, ಅವನ ಕೆಳಗೆ ಇನ್ನೊಬ್ಬ. ಬೆಟ್ಟದ ಇಳಿಜಾರಿನಲ್ಲಿ ಒಬ್ಬ ಬಿದ್ದರೆ ಹೊಣೆ ಯಾರದು? ಆ ಪ್ರಶ್ನೆಗೆ ಒಂದು ಹೆಸರಿನ ಉತ್ತರ ಸಿಗದಂತಾಗಿತ್ತು. ಪ್ರಾಂತ್ಯದ ಮಹಾಲೆಕ್ಕಪರಿಶೋಧಕರು ಈ ಸಾವುಗಳ ಬಗ್ಗೆಯೇ 2008ರಲ್ಲಿ ವರದಿ ಕೊಡಬೇಕಾಯಿತು.

ಜಗಳ ಅಲ್ಲಿಗೇ ನಿಲ್ಲಲಿಲ್ಲ. ಐಡಬ್ಲ್ಯೂಎ 2004ರಲ್ಲಿ ಸ್ಟೀಲ್‌ವರ್ಕರ್ಸ್ ಯೂನಿಯನ್ ಜೊತೆ ಸೇರಿಕೊಂಡಿತು. 2019ರ ಜುಲೈ 1ರಂದು ಅದರ ಸದಸ್ಯರು ವೆಸ್ಟರ್ನ್ ಫಾರೆಸ್ಟ್ ಪ್ರಾಡಕ್ಟ್ಸ್ ಕಂಪನಿಯ ಎದುರು ಮುಷ್ಕರಕ್ಕೆ ಇಳಿದರು. ಗುತ್ತಿಗೆದಾರರ ಕಡೆಯವರೂ ಸೇರಿ ಸುಮಾರು 3,000 ಜನ. 2020ರ ಫೆಬ್ರವರಿವರೆಗೂ ನಡೆಯಿತು. ಅಲ್ಲೂ ದೊಡ್ಡ ತಕರಾರು ಶಿಫ್ಟಿನ ಮೇಲೆ, ಹೊಸಬರಿಗೆ ಕಡಿಮೆ ಸಂಬಳ ಕೊಡಬಹುದೇ ಅನ್ನುವುದರ ಮೇಲೆ. ಮಳೆಗಾಲ, ಚಳಿಗಾಲ, ಕ್ರಿಸ್‌ಮಸ್ ಎಲ್ಲ ಸಂಬಳವಿಲ್ಲದೆ ಕಳೆದರು. ಸುಮ್ಮನೆ ಹಟಕ್ಕೆ ಬಿದ್ದು ಯಾರೂ ಏಳು ತಿಂಗಳು ಹಾಗೆ ಕೂರುವುದಿಲ್ಲ.

ಹಗ್ಗ ಬಿಚ್ಚಿದ ವರ್ಷ

ಕೆಲಸಗಾರನ ಗಂಟೆಗಳನ್ನು ಸಡಿಲ ಮಾಡುತ್ತಿದ್ದ ಹೊತ್ತಿಗೇ, 2003ರಲ್ಲಿ, ಇನ್ನೊಂದು ಬದಲಾವಣೆ ಆಯಿತು. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಈ ಕಾಡಿನ ಮರ ಈ ಮಿಲ್ಲಿಗೇ ಅನ್ನುವ ಷರತ್ತನ್ನು ಪ್ರಾಂತ್ಯದ ಆಗಿನ ಮುಖ್ಯಮಂತ್ರಿ ಗಾರ್ಡನ್ ಕ್ಯಾಂಪ್‌ಬೆಲ್ ಅವರ ಸರ್ಕಾರ ತೆಗೆದುಹಾಕಿತು. ವಾದದಲ್ಲಿ ಅರ್ಥ ಇಲ್ಲದೆ ಇರಲಿಲ್ಲ. ಹಳೇ, ನಷ್ಟದ ಮಿಲ್ಲುಗಳನ್ನು ಬಲವಂತವಾಗಿ ಓಡಿಸುವುದರಿಂದ ಇಡೀ ಉದ್ಯಮ ಸೊರಗುತ್ತದೆ, ಮರ ಹೆಚ್ಚು ಬೆಲೆ ಸಿಗುವ ಕಡೆ ಹೋಗಲಿ ಅಂದರು. ದೊಡ್ಡ ಕಂಪನಿಗಳಿಂದ ಪರವಾನಗಿಯ ಶೇಕಡ 20 ಭಾಗ ಹಿಂದಕ್ಕೆ ಪಡೆದು ಬೇರೆಯವರಿಗೂ ಹಂಚುವ ಯೋಜನೆಯೂ ಜೊತೆಗಿತ್ತು.

ಆದರೆ ಫಲ ಏನಾಯಿತು ನೋಡಿ. ಮರಕ್ಕೆ ಈಗ ಕಾಲು ಬಂತು. ಕೆಲಸಗಾರನ ಮನೆ, ಮಕ್ಕಳ ಶಾಲೆ, ಬ್ಯಾಂಕಿನ ಸಾಲ ಎಲ್ಲ ಅಲ್ಲೇ ಉಳಿದವು. 2019ರಲ್ಲಿ ಕ್ಯಾನ್‌ಫರ್ ಕಂಪನಿ ಒಳನಾಡಿನ ವೇವೆನ್‌ಬಿ ಅನ್ನುವ ಸಣ್ಣ ಊರಿನ ಮಿಲ್ಲು ಮುಚ್ಚಿತು. ಸುಮಾರು 170 ಜನರ ಕೆಲಸ ಹೋಯಿತು. ಅಲ್ಲಿನ ಮರ ಕಡಿಯುವ ಹಕ್ಕನ್ನು ಇನ್ನೊಂದು ಕಂಪನಿ ಇಂಟರ್‌ಫರ್‌ಗೆ 6 ಕೋಟಿ ಡಾಲರಿಗೆ ಮಾರುವ ಒಪ್ಪಂದ ಆಯಿತು. ಮಿಲ್ಲು ಹೋದರೂ ಪರವಾನಗಿಗೆ ಬೆಲೆ ಉಳಿದಿತ್ತು, ಆ ಬೆಲೆ ಊರಿನವರದ್ದಾಗಿರಲಿಲ್ಲ. ಇದಕ್ಕೆ ಸ್ವಲ್ಪ ಮೊದಲು, ಅದೇ ವರ್ಷ, ಪ್ರಾಂತ್ಯ ಕಾನೂನು ತಿದ್ದಿತ್ತು. ಪರವಾನಗಿ ಕೈ ಬದಲಿಸುವ ಮೊದಲು ಮಂತ್ರಿಯ ಒಪ್ಪಿಗೆ ಬೇಕು, ಸಾರ್ವಜನಿಕ ಹಿತ ನೋಡಬೇಕು ಎಂದಾಯಿತು. ಈ ವ್ಯವಹಾರಕ್ಕೂ ಕೊನೆಗೆ ಒಪ್ಪಿಗೆ ಸಿಕ್ಕಿತು.

ಬಂಡವಾಳಕ್ಕಂತೂ ರೆಕ್ಕೆಯೇ ಬಂದಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಳೆದ ಕ್ಯಾನ್‌ಫರ್, ವೆಸ್ಟ್ ಫ್ರೇಸರ್, ಇಂಟರ್‌ಫರ್ ಮೂರೂ ಈಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಿಲ್ಲು ಇಟ್ಟುಕೊಂಡಿವೆ. ಅಲ್ಲಿ ಪೈನ್ ಮರ ಬೇಗ ಬೆಳೆಯುತ್ತದೆ, ಕಾಡು ಖಾಸಗಿಯವರದ್ದು, ಗಡಿ ತೆರಿಗೆಯ ತಲೆನೋವಿಲ್ಲ. ಕ್ಯಾನ್‌ಫರ್ 2019ರಲ್ಲಿ ಸ್ವೀಡನ್ನಿನ ವಿಡಾ ಕಂಪನಿಯ ಹೆಚ್ಚಿನ ಪಾಲನ್ನೂ ಕೊಂಡಿತು. ಕಂಪನಿ ಹೀಗೆ ಮಾಡುವುದು ತಪ್ಪು ಅಂತ ನಾನು ಹೇಳಲಾರೆ. ಆದರೆ ಕೆಲಸಗಾರನ ಜೊತೆ ಚೌಕಾಸಿಗೆ ಕೂತಾಗ ಒಬ್ಬನಿಗೆ ಮೂರು ದೇಶ, ಇನ್ನೊಬ್ಬನಿಗೆ ಒಂದೇ ಊರು.

ಹುಳು, ಭೂಕಂಪ, ಸುಂಕ

ಮನುಷ್ಯ ಎಷ್ಟೇ ಹೊಂದಿಕೊಂಡರೂ ಕೆಲವು ವಿಷಯ ಅವನ ಕೈಯಲ್ಲಿ ಇರುವುದಿಲ್ಲ. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆಯಿತು. ಹಳೇ ಮರದ ಮನೆಗಳು ಕುಸಿದವು. ಮನೆಯ ಗಟ್ಟಿತನಕ್ಕೆ ಗ್ಯಾರಂಟಿ ಬೇಕೆನ್ನುವ ಕಾನೂನು 2000ದಲ್ಲಿ ಬಂತು. ಜಪಾನಿನ ಬಿಲ್ಡರುಗಳು ಹಸಿ ಮರ ಬಿಟ್ಟು, ಒಣಗಿಸಿ ಅಂಟಿಸಿದ ಯುರೋಪಿನ ತೊಲೆಗಳ ಕಡೆ ತಿರುಗಿದರು. ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಹೆಮ್ಲಾಕ್ ಮರದ ಹಸಿ ಕಂಬಗಳಿಗೆ ಬೇಡಿಕೆ ಬಿತ್ತು. ಜಪಾನಿಗಾಗಿ ಕಲಿತ ಕೈಗಳು ಮತ್ತೆ ಹೊಸ ಮಾರುಕಟ್ಟೆ ಹುಡುಕಬೇಕಾಯಿತು.

ಒಳನಾಡಿನ ಕಥೆ ಇನ್ನೂ ಕಠಿಣ. ಅಕ್ಕಿ ಕಾಳಿನಷ್ಟು ಗಾತ್ರದ ಒಂದು ಜೀರುಂಡೆ, ಮೌಂಟನ್ ಪೈನ್ ಬೀಟಲ್, ಪೈನ್ ಮರದ ತೊಗಟೆಯೊಳಗೆ ಮೊಟ್ಟೆ ಇಟ್ಟು ಮರವನ್ನು ಕೊಲ್ಲುತ್ತದೆ. ಮೊದಲಾದರೆ ಕಡು ಚಳಿಗೆ ಅದರ ಮರಿಗಳು ಸಾಯುತ್ತಿದ್ದವು. ಚಳಿ ಸೌಮ್ಯವಾಗುತ್ತಾ ಬಂತು. ಕಾಡ್ಗಿಚ್ಚನ್ನು ದಶಕಗಳ ಕಾಲ ತಡೆದದ್ದರಿಂದ ವಯಸ್ಸಾದ ಪೈನ್ ಮರಗಳೂ ಧಾರಾಳ ಇದ್ದವು. 1990ರ ದಶಕದ ಕೊನೆಯಿಂದ ಶುರುವಾಗಿ ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ಈ ಪಿಡುಗು ತಗುಲಿತು.

ಸತ್ತ ಮರ ಕೆಲವು ವರ್ಷ ಮಾತ್ರ ಹಲಗೆಗೆ ಬರುತ್ತದೆ. ಹಾಗಾಗಿ ಬೇಗ ಬೇಗ ಕಡಿಯಲು ಸರ್ಕಾರ ಅನುಮತಿ ಹೆಚ್ಚಿಸಿತು. ಮಿಲ್ಲುಗಳು ದೊಡ್ಡದಾದವು, ವೇಗವಾದವು. ಒಣಗಿದ ಮರದ ನುಣುಪಾದ ಧೂಳು ಗಾಳಿಯಲ್ಲಿ ತುಂಬಿತು. 2012ರ ಜನವರಿ 20ರಂದು ಬರ್ನ್ಸ್ ಲೇಕ್ ಊರಿನ ಬಬೀನ್ ಮಿಲ್ಲು ಸ್ಫೋಟಗೊಂಡಿತು, ಇಬ್ಬರು ಸತ್ತರು. ಮೂರು ತಿಂಗಳಲ್ಲಿ, ಏಪ್ರಿಲ್ 23ರಂದು, ಪ್ರಿನ್ಸ್ ಜಾರ್ಜ್‌ನ ಲೇಕ್‌ಲ್ಯಾಂಡ್ ಮಿಲ್ಲಿನಲ್ಲಿ ಅಂಥದ್ದೇ ಸ್ಫೋಟ, ಮತ್ತೆ ಇಬ್ಬರು. ಹತ್ತಾರು ಜನ ಸುಟ್ಟಗಾಯಗಳೊಂದಿಗೆ ಉಳಿದರು. ಬೆಂಕಿಗೆ ಸಿಕ್ಕ ಇಂಧನ ಮರದ ಧೂಳು ಎಂದು ತನಿಖೆ ಹೇಳಿತು. ಸತ್ತ ಮರಕ್ಕೆ ಹೊಂದಿಕೊಂಡು ಹಲಗೆ ಕೊಯ್ದವರು ಇವರೇ ತಾನೇ.

ಹುಳು ಹೊಡೆದ ಮರ ಮುಗಿದ ಮೇಲೆ ಉಳಿದದ್ದು ದೊಡ್ಡ ಮಿಲ್ಲು, ಸಣ್ಣ ಕಾಡು. ಇದೇ ಪ್ರಾಂತ್ಯದ ಹ್ಯೂಸ್ಟನ್ ಊರಿನ ಕ್ಯಾನ್‌ಫರ್ ಮಿಲ್ಲು 2023ರಲ್ಲಿ ಮುಚ್ಚಿತು. ಹೊಸದು ಕಟ್ಟುತ್ತೇವೆ ಅಂದಿದ್ದ ಯೋಜನೆಯನ್ನು 2024ರಲ್ಲಿ ಕೈಬಿಟ್ಟರು. ಅದೇ ವರ್ಷ ವ್ಯಾಂಡರ್‌ಹೂಫ್ ಮತ್ತು ಫೋರ್ಟ್ ಸೇಂಟ್ ಜಾನ್ ಮಿಲ್ಲುಗಳನ್ನು ಮುಚ್ಚುವ ಪ್ರಕಟಣೆ ಬಂತು, ಸುಮಾರು 500 ಕೆಲಸ. 2025ರ ನವೆಂಬರಿನಲ್ಲಿ ವೆಸ್ಟ್ ಫ್ರೇಸರ್ ಸರದಿ. 100 ಮೈಲ್ ಹೌಸ್ ಊರಿನ ಮಿಲ್ಲಿಗೆ ಬೀಗ, ಸುಮಾರು 165 ಜನ. ಮುಚ್ಚುವಾಗ ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: ಲಾಭ ಬರುವ ಬೆಲೆಗೆ ದಿಮ್ಮಿ ಸಿಗುತ್ತಿಲ್ಲ.

ಅದರ ಮೇಲೆ ಸುಂಕ. ಸರ್ಕಾರಿ ಕಾಡಿನ ಮರವನ್ನು ಕೆನಡಾ ಅಗ್ಗಕ್ಕೆ ಕೊಡುತ್ತದೆ, ಅದು ಸಬ್ಸಿಡಿ ಎಂದು ಅಮೆರಿಕದ ಮಿಲ್ಲುಗಳು 1982ರಿಂದ ದೂರುತ್ತಿವೆ. ಒಪ್ಪಂದ, ಕೋಟಾ, ಕೋರ್ಟು ಎಲ್ಲ ಆಗಿದೆ. 2006ರ ಒಪ್ಪಂದ 2015ರಲ್ಲಿ ಮುಗಿದ ಮೇಲೆ ಮತ್ತೊಂದು ಆಗಲೇ ಇಲ್ಲ. 2024ರ ಆಗಸ್ಟಿನಲ್ಲಿ ಸರಾಸರಿ ಸುಂಕ ಶೇಕಡ 14.40 ಇತ್ತು. 2025ರ ಆಗಸ್ಟಿಗೆ ಅದು 35.19 ಆಯಿತು. ಅಕ್ಟೋಬರ್ 14ರಿಂದ ರಾಷ್ಟ್ರೀಯ ಭದ್ರತೆಯ ಹೆಸರಲ್ಲಿ ಇನ್ನೂ ಶೇಕಡ 10 ಸೇರಿತು. ಒಟ್ಟು 45 ದಾಟಿತು. ಯಾವ ಕೆಲಸಗಾರ ಎಷ್ಟು ಕಲಿತರೆ ಶೇಕಡ 45ರ ಗೋಡೆ ಹಾರಬಲ್ಲ?

ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಕೋವಿಡ್ ಕಾಲದಲ್ಲಿ, 2021ರ ಮೇ ತಿಂಗಳಲ್ಲಿ, ಸಾವಿರ ಬೋರ್ಡ್ ಫುಟ್ (ಹಲಗೆ ಅಳೆಯುವ ಒಂದು ಮಾನ) ಹಲಗೆಯ ಬೆಲೆ 1,600 ಅಮೆರಿಕನ್ ಡಾಲರ್ ದಾಟಿತ್ತು. ಆಗ ಬಂದ ಲಾಭದಲ್ಲಿ ಒಂದಷ್ಟು ಈ ಊರುಗಳ ಮಿಲ್ಲುಗಳಿಗೇ ಬಂದಿದ್ದರೆ ಅನ್ನಿಸದೆ ಇರುವುದಿಲ್ಲ.

ಕೆಲಸ ಕಲಿಸುತ್ತೇವೆ ಅಂದರೆ

2025ರ ಆಗಸ್ಟ್ 5ರಂದು ಪ್ರಧಾನಿ ಮಾರ್ಕ್ ಕಾರ್ನಿ ಮರದ ಉದ್ಯಮಕ್ಕೆ ನೆರವು ಘೋಷಿಸಿದರು. ಸಾಲಕ್ಕೆ ಗ್ಯಾರಂಟಿಯಾಗಿ 70 ಕೋಟಿ ಡಾಲರ್. ಹೊಸ ಸರಕು, ಹೊಸ ಮಾರುಕಟ್ಟೆಗಳಿಗೆ 50 ಕೋಟಿ. 6,000 ಕೆಲಸಗಾರರಿಗೆ ತರಬೇತಿ ಮತ್ತು ನೆರವಿಗೆ 5 ಕೋಟಿ. ಕೊನೆಯದನ್ನು ಭಾಗಿಸಿ ನೋಡಿ. ತಲೆಗೆ 8,300 ಡಾಲರ್ ಚಿಲ್ಲರೆ. 28 ವರ್ಷದ ಎಲೆಕ್ಟ್ರಿಷಿಯನ್‌ಗೆ ಅದು ನಿಜವಾಗಿ ಉಪಯೋಗಕ್ಕೆ ಬರಬಹುದು. ಅವನು ಹೇಗೂ ಎಲ್ಲಿ ಬೇಕಾದರೂ ಕೆಲಸ ಹಿಡಿಯುತ್ತಾನೆ. ಆದರೆ 30 ವರ್ಷ ಹಲಗೆಗೆ ದರ್ಜೆ ಹಾಕಿದ 55ರ ಮನುಷ್ಯ? ಅವನ ಕಣ್ಣಿನ ಕೌಶಲ ಬೇರೆ ಉದ್ಯಮದಲ್ಲಿ ಓಡುವ ನಾಣ್ಯ ಅಲ್ಲ. ಮನೆ ಮಾರಿ ಹೊರಡೋಣ ಅಂದರೆ, ಮಿಲ್ಲು ಮುಚ್ಚಿದ ಊರಲ್ಲಿ ಮನೆ ಕೊಳ್ಳುವವರು ಯಾರು?

ನನಗೆ ಇದಕ್ಕಿಂತ ಒಳ್ಳೆಯದಾಗಿ ಕಾಣುವುದು ವರ್ಕ್ ಶೇರಿಂಗ್ ಅನ್ನುವ ಹಳೇ ಯೋಜನೆ. ನೂರು ಜನರಲ್ಲಿ ಮೂವತ್ತು ಜನರನ್ನು ತೆಗೆಯುವ ಬದಲು ನೂರೂ ಜನರ ಗಂಟೆ ಕಡಿಮೆ ಮಾಡುವುದು. ಹೋದ ಸಂಬಳದ ಒಂದು ಭಾಗವನ್ನು ನಿರುದ್ಯೋಗ ವಿಮೆ ತುಂಬಿಕೊಡುತ್ತದೆ. ಸುಂಕದ ಕಾರಣಕ್ಕೆ 2025ರಲ್ಲಿ ಇದರ ಅವಧಿಯನ್ನು 76 ವಾರದವರೆಗೆ ಹಿಗ್ಗಿಸಿದರು. ಇಲ್ಲಿ ಬಗ್ಗುವ ಭಾರ ಎಲ್ಲರ ಮೇಲೂ ಹಂಚಿಹೋಗುತ್ತದೆ, ಪಳಗಿದ ಗುಂಪು ಒಡೆಯುವುದಿಲ್ಲ. ಮಿಲ್ಲು ಮತ್ತೆ ಶುರುವಾದಾಗ ಸ್ಕ್ಯಾನರ್ ಮುಂದೆ ಕೂರಲು ಅದೇ ಜನ ಇರುತ್ತಾರೆ. ಆದರೆ ಇದು ಬೆಲೆ ಬಿದ್ದಾಗ ಕೆಲಸ ಮಾಡುವ ಔಷಧ. ಕಾಡೇ ಕಡಿಮೆಯಾದರೆ 76 ವಾರ ಕಾದರೂ ದಿಮ್ಮಿ ಬರುವುದಿಲ್ಲ.

ಹಾಗಾಗಿ ಮಾತು ಮತ್ತೆ ಕಾಡಿಗೇ ಬರುತ್ತದೆ. ಪ್ರಾಂತ್ಯ ವರ್ಷಕ್ಕೆ 4.5 ಕೋಟಿ ಘನ ಮೀಟರ್ ಕಡಿಯುವ ಗುರಿ ಇಟ್ಟಿದೆ, ನಿಜವಾಗಿ ಕಡಿಯುತ್ತಿರುವುದು ಅದಕ್ಕಿಂತ ಎಷ್ಟೋ ಕಡಿಮೆ. ಪರವಾನಗಿ ತಡವಾಗುತ್ತದೆ ಎಂದು ಕಂಪನಿಗಳು ದೂರುತ್ತವೆ. ಇನ್ನೊಂದು ಕಡೆ ನೂರಾರು ವರ್ಷದ ಹಳೇ ಮರಗಳನ್ನು ಉಳಿಸಿ ಎಂದು 2021ರಲ್ಲಿ ಫೇರಿ ಕ್ರೀಕ್ ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅದೇ ನವೆಂಬರಿನಲ್ಲಿ ಸರ್ಕಾರ 26 ಲಕ್ಷ ಹೆಕ್ಟೇರ್ ಹಳೇ ಕಾಡಿನಲ್ಲಿ ಕಡಿಯುವುದನ್ನು ಸದ್ಯಕ್ಕೆ ನಿಲ್ಲಿಸೋಣ ಎಂದು ಪ್ರಸ್ತಾಪಿಸಿತು. ಆ ಕಾಡುಗಳ ಮೂಲ ನಿವಾಸಿಗಳ ಹಕ್ಕನ್ನು ನ್ಯಾಯಾಲಯಗಳೂ ಎತ್ತಿಹಿಡಿದಿವೆ. ಕೆಲಸಗಾರರ ಪರವಾಗಿ ಮಾತಾಡುತ್ತೇನೆ ಎಂದು ನಾನು ಇವರನ್ನೆಲ್ಲ ಎದುರು ಪಕ್ಷಕ್ಕೆ ನಿಲ್ಲಿಸಲಾರೆ. ಒಮ್ಮೆ ಕಡಿದ ಸಾವಿರ ವರ್ಷದ ಸೀಡರ್ ಮತ್ತೆ ಸಿಗುವುದಿಲ್ಲ.

ಆದರೆ ಕಡಿಮೆ ಮರ ಅಂದರೆ ಕಡಿಮೆ ಕೆಲಸ ಆಗಲೇಬೇಕು ಅಂತಿಲ್ಲ. ಒಂದು ದಿಮ್ಮಿಯ ಹಿಂದೆ ಎಷ್ಟು ಕೈಗಳು ಅನ್ನುವುದು ಅದರಿಂದ ಏನು ಮಾಡುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಎರಡು ಬೈ ನಾಲ್ಕು ಕೊಯ್ದು ರೈಲಿಗೆ ತುಂಬುವ ಕೆಲಸಕ್ಕೆ ಯಂತ್ರ ಸಾಕು. ಹಲಗೆಗಳನ್ನು ಅಡ್ಡಡ್ಡ ಅಂಟಿಸಿ ಗೋಡೆಯಷ್ಟು ದೊಡ್ಡ ಫಲಕ ಮಾಡುವ ಮಾಸ್ ಟಿಂಬರ್ ಕೆಲಸಕ್ಕೆ ನಕ್ಷೆ ಓದುವವರು, ಅಂಟಿಸುವವರು, ಕೊರೆಯುವವರು, ಜೋಡಿಸುವವರು ಎಲ್ಲ ಬೇಕು. 2017ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 18 ಅಂತಸ್ತಿನ ಮರದ ವಿದ್ಯಾರ್ಥಿ ನಿಲಯ ಎದ್ದು ನಿಂತಿತು. 2024ರಿಂದ ಪ್ರಾಂತ್ಯದ ಕಟ್ಟಡ ನಿಯಮವೇ 18 ಅಂತಸ್ತಿನವರೆಗೆ ಇಂಥ ಕಟ್ಟಡಗಳಿಗೆ ಅವಕಾಶ ಕೊಟ್ಟಿದೆ. ಶೆಮೇನಸ್‌ನಲ್ಲಿ 1985ರಲ್ಲಿ ಕಲಿತ ಪಾಠಕ್ಕೆ ಇದಕ್ಕಿಂತ ಸರಿಯಾದ ಕೆಲಸ ಯಾವುದಿದೆ?

ಅಂಥ ಕೆಲಸಕ್ಕೆ ದುಡ್ಡು ಹಾಕುವವರು ಮೊದಲು ಕೇಳುವುದು ಮುಂದಿನ 15 ವರ್ಷ ಮರ ಸಿಗುತ್ತಾ ಅಂತ. ಹಲಗೆಗೆ ದರ್ಜೆ ಹಾಕುವವಳು ಹೊಸ ಯಂತ್ರ ಕಲಿಯುವ ಮೊದಲು ಕೇಳುವುದೂ ಅದನ್ನೇ. ಇಬ್ಬರಿಗೂ ಉತ್ತರ ಕೊಡುವ ಜಾಗ ಈಗ ಇಲ್ಲ. ಶಿಫ್ಟ್, ಕೆಲಸದ ಹೆಸರು, ಗುತ್ತಿಗೆ ಇವೆಲ್ಲ ಯೂನಿಯನ್ ಮತ್ತು ಕಂಪನಿ ಕೂರುವ ಕೋಣೆಯಲ್ಲಿ ತೀರ್ಮಾನ ಆಗುತ್ತವೆ. ದಿಮ್ಮಿ ಯಾರಿಗೆ, ಎಷ್ಟು, ಎಷ್ಟು ವರ್ಷ ಅನ್ನುವುದು ಸರ್ಕಾರ ಮತ್ತು ಕಂಪನಿ ಕೂರುವ ಇನ್ನೊಂದು ಕೋಣೆಯಲ್ಲಿ. 2003ರವರೆಗೆ ಆ ಎರಡು ಕೋಣೆಗಳ ನಡುವೆ ಷರತ್ತಿನ ಒಂದು ಬಾಗಿಲು ಇತ್ತು. ಹಳೇ ಷರತ್ತನ್ನೇ ಹಾಗೇ ತರಬೇಕು ಎಂದು ನಾನು ಕೇಳುತ್ತಿಲ್ಲ, ನಷ್ಟದ ಮಿಲ್ಲನ್ನು ಬಲವಂತವಾಗಿ ಓಡಿಸಿ ಯಾರಿಗೂ ಒಳ್ಳೆಯದಾಗಲಿಲ್ಲ. ಆದರೆ ಕೆಲಸಗಾರರು ಹೊಸ ಪಾಳಿಗೆ, ಹೊಸ ಯಂತ್ರಕ್ಕೆ ಒಪ್ಪಿದ ಮಿಲ್ಲಿಗೆ ಇಷ್ಟು ವರ್ಷ ಇಷ್ಟು ದಿಮ್ಮಿ ಎಂದು ಪರವಾನಗಿಯಲ್ಲೇ ಬರೆಯಬಹುದು. ಮಿಲ್ಲು ಮುಚ್ಚಿ ಹಕ್ಕು ಮಾರುವಾಗ ಆ 6 ಕೋಟಿಯಂಥ ಹಣದಲ್ಲಿ ಒಂದು ಪಾಲು ಊರಿಗೆ ಎಂದು ಕಾನೂನು ಮಾಡಬಹುದು. ಮಂತ್ರಿಯ ಒಪ್ಪಿಗೆ ಬೇಕು ಅನ್ನುವ 2019ರ ತಿದ್ದುಪಡಿ ಈಗಾಗಲೇ ಕೈಯಲ್ಲಿದೆ. ಮುಂದಿನ ಸಲ ಯಾವುದಾದರೂ ಕಂಪನಿ ಪರವಾನಗಿ ಹಿಡಿದು ಆ ಮೇಜಿಗೆ ಬಂದಾಗ, ಆ ಊರಿನ ದರ್ಜೆ ಹಾಕುವವರನ್ನೂ ಸಾಯರುಗಳನ್ನೂ ಕರೆದು ಅಲ್ಲೇ ಒಂದು ಕುರ್ಚಿ ಹಾಕಲಿ.